ಮೂರನೇ ಸ್ಥಾನದ ಮೇಲೂ ಕಣ್ಣಿರಲಿ: ವಿಶ್ವಕಪ್ ಫುಟ್‌ಬಾಲ್ ಕುರಿತು ಓದುಗರ ಪ್ರಶ್ನೆಗಳು

2026ರ ಫುಟ್‌ಬಾಲ್ ವಿಶ್ವಕಪ್ ಜೂನ್ 11ರಿಂದ ಜುಲೈ 19ರವರೆಗೆ ಅಮೆರಿಕ, ಮೆಕ್ಸಿಕೊ, ಕೆನಡಾಗಳ 16 ನಗರಗಳಲ್ಲಿ. 2025ರ ಡಿಸೆಂಬರ್ 5ರಂದು ವಾಷಿಂಗ್ಟನ್‌ನಲ್ಲಿ ಗುಂಪುಗಳ ಡ್ರಾ ಎತ್ತಿದ ಮೇಲೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಉತ್ತರಿಸಿದ್ದೇವೆ. ಆರು ಜಾಗಗಳನ್ನು ಮಾರ್ಚ್ ಪ್ಲೇಆಫ್‌ಗೆ, ಅಂದರೆ ಕೊನೆಯ ಅರ್ಹತಾ ಪಂದ್ಯಗಳಿಗೆ, ಬಿಟ್ಟು ಡ್ರಾ ಎತ್ತಲಾಗಿತ್ತು. ಅವುಗಳ ಗೊಡವೆಗೆ ಹೋಗದೆ, ಆಗಲೇ ನಿಗದಿಯಾದ ಪಂದ್ಯಗಳನ್ನಷ್ಟೇ ಹಿಡಿದು ಮಾತಾಡಿದ್ದೇವೆ.

ಪ್ರಶ್ನೆ: 48 ತಂಡ, 104 ಪಂದ್ಯ ಅಂತೀರಿ. ಯಾರು ಮುಂದಕ್ಕೆ ಹೋಗ್ತಾರೆ, ಯಾರು ಮನೆಗೆ ಹೋಗ್ತಾರೆ ಅನ್ನೋ ಲೆಕ್ಕ ತಲೆಗೇ ಹತ್ತುತ್ತಿಲ್ಲ. ಬಿಡಿಸಿ ಹೇಳಿ. (ದಾವಣಗೆರೆ)

ನಾಲ್ಕು ನಾಲ್ಕು ತಂಡಗಳ 12 ಗುಂಪು. ಪ್ರತಿ ತಂಡಕ್ಕೆ ಮೂರು ಪಂದ್ಯ. ಪ್ರತಿ ಗುಂಪಿನ ಮೊದಲ ಇಬ್ಬರು ನೇರವಾಗಿ 32ರ ಘಟ್ಟಕ್ಕೆ ಹೋಗುತ್ತಾರೆ. ಅಲ್ಲಿಗೆ 24 ಆಯಿತು. ಉಳಿದ ಎಂಟು ಜಾಗ ಮೂರನೇ ಸ್ಥಾನದ 12 ತಂಡಗಳ ಪೈಕಿ ಮೇಲಿನ ಎಂಟಕ್ಕೆ. ಅಂದರೆ 72 ಪಂದ್ಯ ಆಡಿ ಮುಗಿಸಿದ ಮೇಲೂ ಮನೆಗೆ ಹೋಗುವುದು 16 ತಂಡ ಮಾತ್ರ. ಹಾಗಾಗಿ ಈ ಸಲ ಗುಂಪಿನ ಅಂಕಪಟ್ಟಿಗಿಂತ ಮೂರನೇ ಸ್ಥಾನದವರ ಪಟ್ಟಿಯಲ್ಲೇ ಹೆಚ್ಚು ಜೀವ ಇರುತ್ತದೆ.

ಎಷ್ಟು ಅಂಕ ಬೇಕು? ಯುರೋಪಿನ ದೇಶಗಳ ಯೂರೊ ಕಪ್ 2016ರಿಂದ ಇದೇ ಅನುಪಾತದಲ್ಲಿ, ಆರು ಮೂರನೇ ಸ್ಥಾನಿಗರಲ್ಲಿ ನಾಲ್ವರನ್ನು ಮುಂದಕ್ಕೆ ಬಿಡುತ್ತಿದೆ. ಮೂರು ಯೂರೊಗಳಲ್ಲಿ 4 ಅಂಕದೊಂದಿಗೆ ಮೂರನೆಯವರಾದ ಯಾರೂ ಹೊರಬಿದ್ದಿಲ್ಲ. ತಕರಾರು ಇರುವುದು 3 ಅಂಕದಲ್ಲಿ. 2024ರಲ್ಲಿ ಮೂರೂ ಪಂದ್ಯ ಡ್ರಾ ಮಾಡಿಕೊಂಡ ಸ್ಲೊವೇನಿಯಾ ಸೊನ್ನೆ ಗೋಲು ವ್ಯತ್ಯಾಸದಲ್ಲಿ (ಹೊಡೆದ ಗೋಲಿನಿಂದ ಬಿಟ್ಟುಕೊಟ್ಟದ್ದನ್ನು ಕಳೆದರೆ ಉಳಿಯುವುದು) ಮುಂದೆ ಹೋಯಿತು. ಒಂದು ಗೆದ್ದು ಎರಡು ಸೋತ ಹಂಗೆರಿಗೂ ಮೂರೇ ಅಂಕ. ಆದರೆ ಗೋಲು ವ್ಯತ್ಯಾಸ ಮೈನಸ್ 3, ಹಾಗಾಗಿ ಹೊರಗೆ. 2016ರಲ್ಲಿ ಮೂರು ಡ್ರಾಗಳೊಂದಿಗೆ ಮೂರನೇ ಸ್ಥಾನದಿಂದ ನುಸುಳಿದ ಪೋರ್ಚುಗಲ್ ಕಪ್ಪನ್ನೇ ಎತ್ತಿತು. ಆದ್ದರಿಂದ 2-0 ಹಿಂದಿರುವ ಸಣ್ಣ ತಂಡವೊಂದು 80ನೇ ನಿಮಿಷದ ಮೇಲೂ ಮುಂದೆ ನುಗ್ಗದೆ ಹಿಂದೆ ನಿಂತರೆ ಬೈಯಬೇಡಿ. ಮೂರನೇ ಗೋಲು ಬೀಳದಂತೆ ತಡೆಯುವುದೂ ಅಲ್ಲಿ ಅಂಕ ಗಳಿಸಿದಂತೆಯೇ.

ಹೆಚ್ಚಿನವರು ಎಡವುವ ಜಾಗ ಇನ್ನೊಂದಿದೆ. ಗುಂಪಿನೊಳಗೆ ಇಬ್ಬರ ಅಂಕ ಸಮವಾದರೆ ಈ ಸಲ ಮೊದಲು ನೋಡುವುದು ಅವರಿಬ್ಬರ ನಡುವಿನ ಪಂದ್ಯವನ್ನು. ಒಟ್ಟು ಗೋಲು ವ್ಯತ್ಯಾಸ ಆಮೇಲೆ. ಹಿಂದಿನ ವಿಶ್ವಕಪ್‌ಗಳಲ್ಲಿ ಇದು ತಿರುಗುಮುರುಗಾಗಿತ್ತು. ಮೂರನೇ ಸ್ಥಾನದವರು ಒಬ್ಬರಿಗೊಬ್ಬರು ಎದುರಾಗಿರುವುದೇ ಇಲ್ಲವಲ್ಲ, ಹಾಗಾಗಿ ಅವರ ಪಟ್ಟಿಯಲ್ಲಿ ಅಂಕ, ಗೋಲು ವ್ಯತ್ಯಾಸ, ಹೊಡೆದ ಗೋಲು, ನಡವಳಿಕೆ ಅಂಕ, ಕೊನೆಗೆ ಫಿಫಾ ರ‍್ಯಾಂಕಿಂಗ್ ಎಂಬ ಕ್ರಮ. ನಡವಳಿಕೆ ಎಂದರೆ ಕಾರ್ಡುಗಳ ಲೆಕ್ಕ: ಹಳದಿಗೆ ಮೈನಸ್ 1, ಎರಡನೇ ಹಳದಿಯಿಂದ ಬಂದ ಕೆಂಪಿಗೆ ಮೈನಸ್ 3, ನೇರ ಕೆಂಪಿಗೆ ಮೈನಸ್ 4. ಇದೇನು ಕಾಗದದ ಮೇಲಿನ ನಿಯಮವಲ್ಲ. 2018ರಲ್ಲಿ ಜಪಾನ್ ಮುಂದೆ ಹೋಗಿ ಸೆನೆಗಲ್ ಹೊರಬಿದ್ದದ್ದು ಹಳದಿ ಕಾರ್ಡುಗಳಿಂದಲೇ.

ಒಂದು ಅನ್ಯಾಯವೂ ಇದರಲ್ಲಿದೆ. ಮೊದಲ ಗುಂಪುಗಳ ಆಟ ಜೂನ್ 24ಕ್ಕೆ ಮುಗಿದರೆ ಕೊನೆಯವು ಮುಗಿಯುವುದು 27ಕ್ಕೆ. ಮೊದಲು ಮುಗಿಸಿದ ಮೂರನೆಯವರು ಹೋಟೆಲಿನಲ್ಲಿ ಕೂತು ಕಾಯಬೇಕು; ಕೊನೆಯಲ್ಲಿ ಆಡುವವರಿಗೆ ತಮಗೆ ಎಷ್ಟು ಗೋಲು ಬೇಕೆಂಬುದು ಮೊದಲೇ ಗೊತ್ತಿರುತ್ತದೆ.

ಪ್ರಶ್ನೆ: ಸರ್, ನಮ್ಮ ಸಮಯಕ್ಕೆ ಪಂದ್ಯಗಳು ಎಷ್ಟು ಗಂಟೆಗೆ? ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗುವವರು ಯಾವುದನ್ನು ನೋಡಬಹುದು? (ಪೀಣ್ಯ, ಬೆಂಗಳೂರು)

ನ್ಯೂಯಾರ್ಕ್, ಮಯಾಮಿ, ಬಾಸ್ಟನ್, ಅಟ್ಲಾಂಟಾ ಸಮಯಕ್ಕೆ ಒಂಬತ್ತೂವರೆ ಗಂಟೆ ಕೂಡಿಸಿ. ಡಲ್ಲಾಸ್, ಹ್ಯೂಸ್ಟನ್, ಕಾನ್ಸಸ್ ಸಿಟಿಗೆ ಹತ್ತೂವರೆ. ಮೆಕ್ಸಿಕೊದ ಮೂರೂ ನಗರಗಳಿಗೆ ಹನ್ನೊಂದೂವರೆ. ಲಾಸ್ ಏಂಜಲಿಸ್, ಸಿಯಾಟಲ್, ವ್ಯಾಂಕೂವರ್‌ಗೆ ಹನ್ನೆರಡೂವರೆ. ಅಲ್ಲಿನ ವೇಳಾಪಟ್ಟಿಯ ತಾರೀಖನ್ನು ಹಾಗೇ ನಂಬಿದರೆ ಪಂದ್ಯ ತಪ್ಪುತ್ತದೆ. ಹೆಚ್ಚಿನವು ನಮಗೆ ಮರುದಿನ. ಮೆಕ್ಸಿಕೊ–ದಕ್ಷಿಣ ಆಫ್ರಿಕಾ ಉದ್ಘಾಟನಾ ಪಂದ್ಯ ನಮಗೆ ಜೂನ್ 12ರ ನಡುರಾತ್ರಿ 12.30ಕ್ಕೆ. ಫೈನಲ್ ಕೂಡ 12.30ಕ್ಕೇ, ಜುಲೈ 20ರ ಸೋಮವಾರ. ರಜೆಯನ್ನು ಸೋಮವಾರಕ್ಕೆ ಕೇಳಿ, ಭಾನುವಾರ ಹೇಗೂ ನಿಮ್ಮದೇ.

ನಿಮ್ಮಂಥವರಿಗೆ ಸಲೀಸಾಗಿರುವುದು ಎರಡು ಹೊತ್ತು. ಒಂದು ರಾತ್ರಿ 10.30ರ ಆಸುಪಾಸು: ಜೂನ್ 14ರ ಜರ್ಮನಿ–ಕ್ಯುರಸಾವ್ ಪಂದ್ಯ ಆ ಹೊತ್ತಿಗಿದೆ. ಇನ್ನೊಂದು ಬೆಳಿಗ್ಗೆ 6.30: ಅರ್ಜೆಂಟೀನಾ–ಅಲ್ಜೀರಿಯಾ ಜೂನ್ 17ರ ಬೆಳಗಿನ ಕಾಫಿ ಹೊತ್ತಿಗೆ ಸಿಗುತ್ತದೆ, ಎಂಟಕ್ಕೆ ಕೆಲಸವಾದರೆ ಮೊದಲರ್ಧ ಮಾತ್ರ. ನಿದ್ದೆ ಕೆಡಿಸುವುದು 3.30ರವು. ಅವುಗಳಲ್ಲಿ ಒಂದನ್ನೇ ಆರಿಸಿಕೊಳ್ಳುವುದಾದರೆ ಜೂನ್ 14ರ ಬ್ರೆಜಿಲ್–ಮೊರೊಕ್ಕೊಗೆ ಅಲಾರಂ ಇಡಿ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಪೆಲೆ ಪ್ರತಿಮೆಯೇ ಇದೆ. ಬ್ರೆಜಿಲ್ ಈ ಸಲ ಗೆಲ್ಲುತ್ತದೋ ಇಲ್ಲವೋ, ನೇರವಾಗಿ ಹೇಳಿಬಿಡಿ. (ಗೌತಮಪುರ, ಬೆಂಗಳೂರು)

ಗೆಲ್ಲಬಹುದು, ಆದರೆ ನಮ್ಮ ಮೊದಲ ಆಯ್ಕೆ ಅಲ್ಲ. ಅರ್ಹತಾ ಸುತ್ತಿನಲ್ಲಿ ಬ್ರೆಜಿಲ್ ದಕ್ಷಿಣ ಅಮೆರಿಕದ ಐದನೇ ತಂಡವಾಗಿ, 28 ಅಂಕದಲ್ಲಿ ಬಂದಿದೆ. ಮಾರ್ಚ್ 2025ರಲ್ಲಿ ಅರ್ಜೆಂಟೀನಾ ಎದುರು 4-1ರ ಸೋಲಾದ ಮೇಲೆ ಕಾರ್ಲೊ ಅನ್ಸೆಲೊಟ್ಟಿ ಕೋಚ್ ಆಗಿ ಬಂದರು. ಅವರು ಕಸೆಮಿರೊನನ್ನು ವಾಪಸ್ ಕರೆದು, ಬ್ರೂನೊ ಗಿಮರೈನ್ಸ್ ಜತೆ ನಡುವೆ ನಿಲ್ಲಿಸಿ, ಮುಂದೆ ನಾಲ್ವರನ್ನು ಬಿಡುವ ಆಟ ಹಿಡಿದಿದ್ದಾರೆ. ಚೆಂಡು ತಮ್ಮದಾಗಿದ್ದಾಗ ಇದು ಕಣ್ಣಿಗೆ ಹಬ್ಬ. ಚೆಂಡು ಕಳೆದುಕೊಂಡಾಗಲೇ ಕಷ್ಟ.

ಮೊರೊಕ್ಕೊ ಪಂದ್ಯದಲ್ಲಿ ಬ್ರೆಜಿಲ್‌ನ ಎಡ ಅಂಚನ್ನೇ ನೋಡುತ್ತಿರಿ. ಅಲ್ಲಿ ವಿನಿಸಿಯಸ್ ಆಡಿದರೆ ಎದುರಿಗೆ ಬಲ ಬ್ಯಾಕ್ ಅಶ್ರಫ್ ಹಕೀಮಿ. ಹಕೀಮಿ ಕಾವಲಿಗೆ ನಿಂತು ಕೂರುವ ಆಸಾಮಿಯಲ್ಲ. ಅವಕಾಶ ಸಿಕ್ಕೊಡನೆ ಗೆರೆ ಹಿಡಿದು ಎದುರಾಳಿ ಪೆನಾಲ್ಟಿ ಪ್ರದೇಶದವರೆಗೆ ಓಡುತ್ತಾರೆ. ವಿನಿಸಿಯಸ್ ಅವರ ಹಿಂದೆ ಓಡಿ ಬಾರದಿದ್ದರೆ ಬ್ರೆಜಿಲ್‌ನ ಎಡ ಬ್ಯಾಕ್ ಒಬ್ಬನೇ ಇಬ್ಬರನ್ನು ಎದುರಿಸಬೇಕು. ಓಡಿ ಬಂದರೆ, ದಾಳಿಗೆ ಬೇಕಾದ ಕಾಲಿನ ಕಸುವು ಅಲ್ಲೇ ಖರ್ಚು. 2023ರ ಮಾರ್ಚ್‌ನಲ್ಲಿ ಟ್ಯಾಂಜಿಯರ್‌ನಲ್ಲಿ ಮೊರೊಕ್ಕೊ ಬ್ರೆಜಿಲನ್ನು 2-1ರಿಂದ ಸೋಲಿಸಿದೆ. 2022ರ ವಿಶ್ವಕಪ್‌ನಲ್ಲಿ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ತಂಡ ಅದು, ಯಾರಿಗೂ ಅಂಜುವುದಿಲ್ಲ.

ಗುಂಪಿನಲ್ಲಿ ಸ್ಕಾಟ್ಲೆಂಡ್, ಹೈಟಿ ಕೂಡ ಇವೆ. ಹೈಟಿಗೆ ಇದು 1974ರ ನಂತರದ ಮೊದಲ ವಿಶ್ವಕಪ್. ಬ್ರೆಜಿಲ್ ಮೇಲಿನ ಎರಡರಲ್ಲಿ ಇರುವುದು ಬಹುತೇಕ ಖಚಿತ. ನಂತರದ ಹಾದಿ ನೋಡಿ: ಈ ಸಿ ಗುಂಪಿನ ಮೊದಲಿಗರು ಎಫ್ ಗುಂಪಿನ ಎರಡನೆಯವರನ್ನು, ಎರಡನೆಯವರು ಅಲ್ಲಿನ ಮೊದಲಿಗರನ್ನು 32ರ ಘಟ್ಟದಲ್ಲೇ ಎದುರಿಸಬೇಕು. ಎಫ್‌ನಲ್ಲಿ ನೆದರ್ಲೆಂಡ್ಸ್, ಜಪಾನ್ ಇವೆ. 2025ರ ಅಕ್ಟೋಬರ್‌ನಲ್ಲಿ ಟೋಕಿಯೊದಲ್ಲಿ ಎರಡು ಗೋಲು ಹಿಂದಿದ್ದೂ ಜಪಾನ್ 3-2ರಿಂದ ಬ್ರೆಜಿಲನ್ನು ಮೊದಲ ಬಾರಿಗೆ ಸೋಲಿಸಿತು. ಮೊದಲಾದರೂ ಎರಡನೆಯದಾದರೂ ಸುಲಭದ ಬಾಗಿಲು ಇಲ್ಲ.

ಪ್ರಶ್ನೆ: ಮೆಕ್ಸಿಕೊ ಸಿಟಿ ಎತ್ತರದ ಜಾಗ, ಅಲ್ಲಿ ಆಡೋದು ಕಷ್ಟ ಅಂತಾರೆ. ಅದು ನಿಜಕ್ಕೂ ಅಷ್ಟು ಮುಖ್ಯವೇ? ಬಿಸಿಲಿನ ವಿಚಾರವನ್ನೂ ತಿಳಿಸಿ. (ಚಿಕ್ಕಮಗಳೂರು)

ನಿಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿ ಮೈದಾನ ಕಟ್ಟಿದರೂ ಅದು ಅಸ್ತೆಕಾ ಕ್ರೀಡಾಂಗಣಕ್ಕಿಂತ ಸುಮಾರು 300 ಮೀಟರ್ ಕೆಳಗೇ ಇರುತ್ತದೆ. ಮೆಕ್ಸಿಕೊ ಸಿಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಮೇಲಿದೆ. ಗಾಳಿ ತೆಳು, ಹಾಗಾಗಿ ಎರಡು ತೊಂದರೆ. ಒಂದು ಉಸಿರಿನದು: ಒಂದು ಜೋರು ಓಟದ ನಂತರ ಇನ್ನೊಂದಕ್ಕೆ ಸಜ್ಜಾಗಲು ಹೆಚ್ಚು ಹೊತ್ತು ಬೇಕು, 60ನೇ ನಿಮಿಷದ ಮೇಲೆ ಮಿಡ್‌ಫೀಲ್ಡ್ ತೆರೆದುಕೊಳ್ಳುತ್ತದೆ. ಇನ್ನೊಂದು ಚೆಂಡಿನದು: ಗಾಳಿಯ ತಡೆ ಕಡಿಮೆಯಾದ್ದರಿಂದ ಚೆಂಡು ವೇಗ ಉಳಿಸಿಕೊಳ್ಳುತ್ತದೆ, ತಿರುವು ಕಡಿಮೆ ತೆಗೆದುಕೊಳ್ಳುತ್ತದೆ. ಉದ್ದದ ಪಾಸ್‌ಗಳು ಗೆರೆ ದಾಟಿ ಹೋಗುತ್ತವೆ, 25 ಮೀಟರ್ ದೂರದ ಹೊಡೆತಕ್ಕೆ ಗೋಲ್‌ಕೀಪರ್‌ನ ಅಂದಾಜು ತಪ್ಪುತ್ತದೆ. ದಕ್ಷಿಣ ಆಫ್ರಿಕಾ ಆಟಗಾರರಲ್ಲಿ ಬಹಳ ಜನ ಸುಮಾರು 1,750 ಮೀಟರ್ ಎತ್ತರದ ಜೊಹಾನ್ಸ್‌ಬರ್ಗ್ ಮತ್ತು ಪಕ್ಕದ ಪ್ರಿಟೋರಿಯಾದ ಕ್ಲಬ್‌ಗಳಿಗೆ ಆಡುವವರು. ಹಾಗಾಗಿ ಉದ್ಘಾಟನಾ ಪಂದ್ಯವನ್ನು ಮೆಕ್ಸಿಕೊ ಉಸಿರಿನ ಬಲದಿಂದಲೇ ಗೆದ್ದುಬಿಡುತ್ತದೆ ಎಂಬ ಮಾತನ್ನು ನಾವು ಒಪ್ಪುವುದಿಲ್ಲ.

ಬಿಸಿಲಿಗೆ ಬಂದರೆ, ಅಟ್ಲಾಂಟಾ, ಡಲ್ಲಾಸ್, ಹ್ಯೂಸ್ಟನ್‌ಗಳಲ್ಲಿ ಚಾವಣಿ, ಹವಾನಿಯಂತ್ರಣ ಎರಡೂ ಇವೆ. ಮಯಾಮಿ, ಕಾನ್ಸಸ್ ಸಿಟಿ, ಮಾಂಟೆರೆಗಳಲ್ಲಿ ಮೈದಾನ ಬಯಲೇ. ಚಾವಣಿ ಇರಲಿ ಬಿಡಲಿ, ಪ್ರತಿ ಪಂದ್ಯದ ಎರಡೂ ಅರ್ಧಗಳಲ್ಲಿ, ಆಯಾ ಅರ್ಧದ ಸುಮಾರು 22ನೇ ನಿಮಿಷಕ್ಕೆ, ಮೂರು ನಿಮಿಷದ ನೀರಿನ ವಿರಾಮ ಇದೆ. ನೀರು ನೆಪ, ಕೋಚ್‌ಗಳಿಗೆ ಅದು ಟೈಮ್‌ಔಟ್. ಒತ್ತಡದಲ್ಲಿ ಸಿಕ್ಕಿಬಿದ್ದ ತಂಡಕ್ಕೆ ಉಸಿರಾಡಲು ಜಾಗ, ಒತ್ತಡ ಹೇರುತ್ತಿದ್ದವರ ಲಯಕ್ಕೆ ಪೆಟ್ಟು. ವಿರಾಮದ ನಂತರದ ಐದು ನಿಮಿಷ ಯಾರು ಎಲ್ಲಿ ನಿಂತರು ಎಂದು ಗಮನಿಸಿ.

ಪ್ರಶ್ನೆ: ಹಾಗಾದರೆ ನಿಮ್ಮ ಆಯ್ಕೆ ಯಾರು? (ಮಂಗಳೂರು)

ಸ್ಪೇನ್. 2024ರ ಯೂರೊದಲ್ಲಿ ಏಳಕ್ಕೆ ಏಳೂ ಗೆದ್ದ ತಂಡದ ಆಟದ ಕ್ರಮ ಇನ್ನೂ ಕದಲಿಲ್ಲ. ಪೆಡ್ರಿ ಚೆಂಡನ್ನು ನಡುವೆ ಹಿಡಿದಿಟ್ಟರೆ ಲಮೀನ್ ಯಮಾಲ್‌ಗೆ ಬಲ ಅಂಚಿನಲ್ಲಿ ಒಂಟಿ ಡಿಫೆಂಡರ್ ಸಿಗುತ್ತಾನೆ; ಅಷ್ಟು ಸಾಕು. ದೌರ್ಬಲ್ಯ ಇರುವುದು ಡಿಫೆಂಡರ್‌ಗಳು ಬಹಳ ಮುಂದೆ ನಿಲ್ಲುವುದರಲ್ಲಿ. ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಉದ್ದದ ಚೆಂಡು ಬಿದ್ದರೆ ಫಜೀತಿ. 2025ರ ನೇಷನ್ಸ್ ಲೀಗ್ ಫೈನಲ್‌ನಲ್ಲಿ ಎರಡು ಸಲ ಮುನ್ನಡೆ ಪಡೆದೂ ಪೋರ್ಚುಗಲ್‌ಗೆ ಪೆನಾಲ್ಟಿಯಲ್ಲಿ ಸೋತದ್ದನ್ನೂ ಮರೆಯುವಂತಿಲ್ಲ.

ಮೆಸ್ಸಿ ಅಭಿಮಾನಿಗಳು ಒಂದು ಸಂಗತಿ ಗುರುತಿಟ್ಟುಕೊಳ್ಳಿ. ಜೆ ಗುಂಪಿನಲ್ಲಿ ಅರ್ಜೆಂಟೀನಾ ಮೊದಲಾದರೆ 32ರ ಘಟ್ಟದಲ್ಲಿ ಎದುರಾಗುವುದು ಎಚ್ ಗುಂಪಿನ ಎರಡನೆಯವರು. ಸ್ಪೇನ್ ಇರುವ ಆ ಗುಂಪಿನಲ್ಲಿ ಎರಡನೇ ಸ್ಥಾನಕ್ಕೆ ಉರುಗ್ವೆಯೇ ಮುಂದಿದೆ. ನಾಕೌಟ್‌ನ ಮೊದಲ ಪಂದ್ಯವೇ ಹಳೆಯ ನೆರೆಮನೆ ಜಗಳವಾಗಬಹುದು. ಇಂಗ್ಲೆಂಡ್ ಎಂಟು ಅರ್ಹತಾ ಪಂದ್ಯಗಳನ್ನೂ ಒಂದೂ ಗೋಲು ಬಿಟ್ಟುಕೊಡದೆ ಗೆದ್ದಿದೆ. ಫ್ರಾನ್ಸ್‌ನ ಎಂಬಾಪೆ 2022ರವರೆಗಿನ ವಿಶ್ವಕಪ್‌ಗಳಲ್ಲಿ 12 ಗೋಲು ಹೊಡೆದಿದ್ದಾರೆ, ಜರ್ಮನಿಯ ಕ್ಲೋಸೆಯ 16ರ ದಾಖಲೆ ಕೈಗೆಟಕುವ ದೂರದಲ್ಲೇ ಇದೆ. ಆದರೆ ಅವರ ಗುಂಪಿನಲ್ಲೇ ಸೆನೆಗಲ್ ಮತ್ತು ನಾರ್ವೆ ಇವೆ. ಅರ್ಹತಾ ಸುತ್ತಿನಲ್ಲಿ ನಾರ್ವೆಯ ಹಾಲಂಡ್ ಒಬ್ಬರೇ 16 ಗೋಲು ಬಾರಿಸಿದರು, ಇಟಲಿಯನ್ನು ತಂಡ ಎರಡೂ ಸಲ ಮಣಿಸಿತು.

ಪ್ರಶ್ನೆ: ಒಂದೂವರೆ ಲಕ್ಷ ಜನರ ಕ್ಯುರಸಾವ್ ಹೋಗುತ್ತದೆ, ನಾವೇಕೆ ಇಲ್ಲ? (ಹುಬ್ಬಳ್ಳಿ)

ಕೆರಿಬಿಯನ್ ದ್ವೀಪವಾದ ಕ್ಯುರಸಾವ್ ನೆದರ್ಲೆಂಡ್ಸ್ ರಾಜಪ್ರಭುತ್ವದ ಭಾಗ, ಅಲ್ಲಿನವರಿಗೆ ಡಚ್ ಪೌರತ್ವ. ಡಚ್ ಕ್ಲಬ್‌ಗಳಲ್ಲಿ ಪಳಗಿದ, ಆ ದ್ವೀಪದ ಮೂಲದ ಹುಡುಗರನ್ನು ಕಾನೂನಿನ ಅಡ್ಡಿಯಿಲ್ಲದೆ ಕರೆಸಬಹುದು. ನಮ್ಮಲ್ಲಿ ಉಭಯ ಪೌರತ್ವ ಇಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವವನ್ನೇ ಬಿಟ್ಟು ಭಾರತದ ಪಾಸ್‌ಪೋರ್ಟ್ ತೆಗೆದುಕೊಳ್ಳಬೇಕಾಯಿತು.

ಆದರೆ ಅದನ್ನೇ ನೆಪ ಮಾಡಲಾಗದು. ಏಷ್ಯಾದ ಎರಡನೇ ಸುತ್ತಿನಲ್ಲಿ ಕತಾರ್, ಕುವೈತ್, ಅಫ್ಗಾನಿಸ್ತಾನ ನಮ್ಮ ಗುಂಪಿನಲ್ಲಿದ್ದವು. 2024ರ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಗಾನಿಸ್ತಾನದ ಎದುರು 2-1ರಿಂದ ಸೋತೆವು. ಸುನಿಲ್ ಚೆಟ್ರಿಯ ವಿದಾಯದ ದಿನ ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಗೋಲಿಲ್ಲದ ಡ್ರಾ. ಕೊನೆಗೆ ದೋಹಾದಲ್ಲಿ ಗೆರೆ ದಾಟಿ ಮೈದಾನದ ಹೊರಗೆ ಹೋಗಿದ್ದ ಚೆಂಡಿಗೆ ಕತಾರ್‌ಗೆ ಗೋಲು ಕೊಟ್ಟದ್ದು ಅನ್ಯಾಯವೇ. ಆದರೂ ಆರು ಪಂದ್ಯಗಳಲ್ಲಿ ನಾವು ಹೊಡೆದದ್ದು ಮೂರೇ ಗೋಲು, ಗಳಿಸಿದ್ದು ಐದು ಅಂಕ. ಏಷ್ಯಾಕ್ಕೆ ಎಂಟು ನೇರ ಜಾಗ ಇದ್ದ ವಿಶ್ವಕಪ್ ಇದು.

ಪ್ರಶ್ನೆ: ಮಳೆ ಬಂದರೆ ಪಂದ್ಯ ನಿಲ್ಲುತ್ತದೆಯೇ? (ಆಗುಂಬೆ)

ಮಳೆಗೆ ನಿಲ್ಲುವುದಿಲ್ಲ, ಸಿಡಿಲಿಗೆ ನಿಲ್ಲುತ್ತದೆ. ಅಮೆರಿಕದಲ್ಲಿ ಕ್ರೀಡಾಂಗಣದಿಂದ ಸುಮಾರು 13 ಕಿ.ಮೀ. ಒಳಗೆ ಸಿಡಿಲು ಕಂಡರೆ 30 ನಿಮಿಷ ಆಟ ಬಂದ್. ನಡುವೆ ಮತ್ತೊಂದು ಸಿಡಿಲು ಹೊಡೆದರೆ ಆ 30 ನಿಮಿಷ ಮೊದಲಿಂದ ಶುರು. 2025ರ ಕ್ಲಬ್ ವಿಶ್ವಕಪ್‌ನಲ್ಲಿ ಷಾರ್ಲೆಟ್‌ನಲ್ಲಿ ನಡೆದ ಚೆಲ್ಸಿ–ಬೆನ್‌ಫಿಕಾ ಪಂದ್ಯ 86ನೇ ನಿಮಿಷದಲ್ಲಿ ನಿಂತು, ಸುಮಾರು ಎರಡು ಗಂಟೆ ಕಾದು, ಹೆಚ್ಚುವರಿ ಸಮಯವೂ ಸೇರಿ ನಾಲ್ಕೂವರೆ ಗಂಟೆ ದಾಟಿತು. ಪಂದ್ಯ ನಿಂತಿತೆಂದು ಟಿವಿ ಆರಿಸಿ ಮಲಗುವ ಮುನ್ನ ಅರ್ಧ ಗಂಟೆಗೆ ಅಲಾರಂ ಇಟ್ಟುಕೊಳ್ಳಿ.