ಎಂಡಿಎಂಎ ಚಿಕಿತ್ಸೆಗೆ ಮುಂಚೆ ಸರ್ಟ್ರಾಲಿನ್ ಮಾತ್ರೆ ನಿಲ್ಲಿಸಬಹುದಾ?

ಮೆಲ್ಬರ್ನ್‌ನಲ್ಲಿರುವ ನಿಮ್ಮ ಅಣ್ಣನಿಗೆ ಅಪಘಾತದ ನಂತರ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ), ಎಂಡಿಎಂಎ (ಬೀದಿಯಲ್ಲಿ ‘ಎಕ್ಸ್‌ಟಸಿ’ ಎನ್ನುವ ಮದ್ದು) ಕೊಟ್ಟು ಮಾಡುವ ಚಿಕಿತ್ಸೆಗೆ ಹೆಸರು ಕೊಟ್ಟಿದ್ದಾರೆ, ಖಿನ್ನತೆ-ಆತಂಕಕ್ಕೆ ಕೊಡುವ ಸರ್ಟ್ರಾಲಿನ್ ಮಾತ್ರೆ ಇವತ್ತೇ ಬಿಟ್ಟುಬಿಡಲಾ ಅಂತ ಕೇಳುತ್ತಿದ್ದಾರೆ ಎಂದಿದ್ದೀರಿ. ಬೇಡ, ದಯವಿಟ್ಟು ತಡೆಯಿರಿ.

ಮಾತ್ರೆ ಬಿಡಬೇಕಾಗುವುದೇನೋ ನಿಜ. ಎಂಡಿಎಂಎ ನರಕೋಶದೊಳಗೆ ಹೋಗಿ ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕವನ್ನು ಹೊರಹಾಕಿಸುವ ಬಾಗಿಲನ್ನೇ ಸರ್ಟ್ರಾಲಿನ್ ಮುಚ್ಚಿರುತ್ತದೆ. ಎರಡೂ ಇದ್ದರೆ ಎಂಡಿಎಂಎ ಸಪ್ಪೆಯಾಗುತ್ತದೆ. ಆದರೆ ವೈದ್ಯರು ಅದನ್ನು ವಾರಗಟ್ಟಲೆ ಹಂತಹಂತವಾಗಿ ಇಳಿಸುತ್ತಾರೆ. ಒಮ್ಮೆಲೇ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಸಿಡಿಮಿಡಿ. ಇಳಿಸುವ ಆ ವಾರಗಳಲ್ಲೇ ಕೆಟ್ಟ ಕನಸು, ಸಾಯುವ ಯೋಚನೆ ಮರಳಬಹುದು. ಆಗ ಮನೆಯಲ್ಲಿ ಜೊತೆಗೊಬ್ಬರು ಇರಲೇಬೇಕು. ಎಂಎಒಐ ಎಂಬ ಇನ್ನೊಂದು ಬಗೆಯ ಖಿನ್ನತೆಯ ಮಾತ್ರೆಯಾದರೆ ಕಥೆಯೇ ಬೇರೆ, ಎಂಡಿಎಂಎ ಜೊತೆ ಸೇರಿದರೆ ಪ್ರಾಣಕ್ಕೇ ಅಪಾಯ. ಬಿಪಿ, ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿಬಿಡಿ.

ಈ ಚಿಕಿತ್ಸೆಗೆ ಅಮೆರಿಕದಲ್ಲಿ ನಡೆದ ಮೂರನೇ ಹಂತದ (ಒಪ್ಪಿಗೆ ಕೇಳುವ ಮುಂಚಿನ) ಪ್ರಯೋಗಗಳ ಕ್ರಮ ಹೀಗಿತ್ತು: ಮೊದಲು 90 ನಿಮಿಷದ ಮೂರು ಮಾತುಕತೆ. ನಂತರ ಸುಮಾರು ತಿಂಗಳಿಗೊಂದರಂತೆ ಮೂರು ಸಲ, ಎಂಟೆಂಟು ಗಂಟೆಯ ಮದ್ದಿನ ದಿನ. ಮೊದಲ ಸಲ 80 ಮಿಲಿಗ್ರಾಂ, ಒಂದೂವರೆ-ಎರಡು ಗಂಟೆ ಬಿಟ್ಟು 40. ಮುಂದೆ ಸಾಮಾನ್ಯವಾಗಿ 120, ಮೇಲೆ 60. ಕಣ್ಣಿಗೆ ಪಟ್ಟಿ, ಮೆಲುವಾದ ಸಂಗೀತ, ಪಕ್ಕದಲ್ಲಿ ಇಬ್ಬರು ಥೆರಪಿಸ್ಟ್‌ಗಳು. ದವಡೆ ಬಿಗಿಯುತ್ತದೆ, ಬೆವರುತ್ತಲೇ ಚಳಿಯಾಗುತ್ತದೆ, ಕಂಬಳಿ ಬೇಕಾಗುತ್ತದೆ. ಎರಡನೇ ಡೋಸ್‌ಗೆ ಮುಂಚೆ ಬಿಪಿ ನೋಡುತ್ತಾರೆ. ನೀರು ಗುಟುಕು ಗುಟುಕಾಗಿ ಕುಡಿಯಬೇಕು. ಅತಿಯಾದರೆ ರಕ್ತದ ಸೋಡಿಯಂ ಕುಸಿಯುತ್ತದೆ. ಆ ದಿನ ವಾಹನ ಓಡಿಸುವಂತಿಲ್ಲ. ಪ್ರತಿ ಮದ್ದಿನ ದಿನದ ನಂತರ ಮತ್ತೆ ಮೂರು ಮಾತುಕತೆ, ಮೊದಲನೆಯದು ಮರುದಿನ ಬೆಳಿಗ್ಗೆಯೇ. ಮೂರ್ನಾಲ್ಕು ದಿನ ಮನಸ್ಸು ಕುಗ್ಗಿದರೆ ಗಾಬರಿಯಾಗಬೇಡಿ, ಆದರೆ ವೈದ್ಯರಿಗೆ ತಿಳಿಸಿ.

2023ರಲ್ಲಿ ಪ್ರಕಟವಾದ 104 ಜನರ ಪ್ರಯೋಗದಲ್ಲಿ ಎಂಡಿಎಂಎ ಪಡೆದವರಲ್ಲಿ ಶೇ. 71, ಮದ್ದಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ಶೇ. 48 ಜನ ಪಿಟಿಎಸ್‌ಡಿ ಲಕ್ಷಣದ ಗೆರೆಯಿಂದ ಹೊರಬಂದರು. ನಾನು ಹೆಚ್ಚು ತೂಕ ಕೊಡುವುದು ಆ 48ಕ್ಕೆ: ಅವರಿಗೆ ಸಿಕ್ಕಿದ್ದು ಅಷ್ಟೇ ಗಂಟೆಗಳ ಮಾತು, ಆರೈಕೆ. ಇನ್ನೊಂದು ತೊಡಕು, ತಾವು ನುಂಗಿದ್ದು ಯಾವುದೆಂದು ಬಹುತೇಕರಿಗೆ ಗೊತ್ತಾಗಿಬಿಡುತ್ತದೆ, ಹಾಗಾಗಿ ಹೋಲಿಕೆ ಅಷ್ಟು ಗಟ್ಟಿಯಲ್ಲ. 2024ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಡದೆ ಇನ್ನೊಂದು ಪ್ರಯೋಗ ಕೇಳಿತು. ಆಸ್ಟ್ರೇಲಿಯಾದಲ್ಲಿ 2023ರ ಜುಲೈ 1ರಿಂದ ಅನುಮತಿ ಪಡೆದ ಮನೋವೈದ್ಯರು ಮಾತ್ರ ಬರೆದುಕೊಡಬಹುದು. ಭಾರತದಲ್ಲಿ ಇದು ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯಡಿ ಬರುತ್ತದೆ. ಬೀದಿಯ ಮಾತ್ರೆಯಲ್ಲಿ ಏನಿದೆ ಎಂಬುದಕ್ಕೇ ಖಾತ್ರಿಯಿಲ್ಲ.

ಕ್ಲಿನಿಕ್‌ನಲ್ಲಿ ಮೂರು ಕೇಳಿ: ಸರ್ಟ್ರಾಲಿನ್ ಇಳಿಸುವಾಗ ಕರೆ ಮಾಡಬೇಕಾದವರು ಯಾರು? ಮದ್ದಿನ ದಿನ ರಾತ್ರಿ ಜೊತೆಗಿರುವವರು ಯಾರು? ಥೆರಪಿಸ್ಟ್‌ಗಳು ಮೈ ಮುಟ್ಟುವ ವಿಷಯದಲ್ಲಿ ಮೊದಲೇ ಲಿಖಿತ ಒಪ್ಪಂದ ಇದೆಯಾ? ಆಮೇಲಿನ ಮಾತುಕತೆ ಒಂದೇ ಸಾಕು ಅಂದರೆ ಬೇರೆ ಕ್ಲಿನಿಕ್ ನೋಡಿ.