ಯಾವ ವಿಜ್ಞಾನಿ, ಎಷ್ಟು ಲೋಟ?

ಮಹಾರಾಷ್ಟ್ರದ ಜತ್ತ ತಾಲೂಕಿನ ಲೇಖಕ ಮಿತ್ರರಿಗೆ, ನಮಸ್ಕಾರ.

ಕೆಂಪು ವೈನ್ ಆರೋಗ್ಯಕ್ಕೆ ಒಳ್ಳೆಯದೆಂಬ ನಿಮ್ಮ ಲೇಖನ ತಲುಪಿತು. ಭಾಷೆ ಹದವಾಗಿದೆ. ದ್ರಾಕ್ಷಿ ಗೊಂಚಲನ್ನು ಬೇಗ ಒಣಗಲೆಂದು ಡಿಪ್ಪಿಂಗ್ ಎಣ್ಣೆಯ ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಯ ಮೇಲೆ ಹರವುವ ನಿಮ್ಮ ತಾಯಿಯ ಕೈಗಳ ವರ್ಣನೆ ಓದಿ ಸಂತೋಷವಾಯಿತು. ಸಂತೋಷ ಅಲ್ಲಿಗೇ ಮುಗಿಯಿತು.

ಎರಡನೆಯ ಪುಟ: “ದಿನವೂ ಮಿತವಾಗಿ ಕೆಂಪು ವೈನ್ ಸೇವಿಸುವವರ ಹೃದಯ ಗಟ್ಟಿಯಾಗಿರುತ್ತದೆಂದು ವಿಜ್ಞಾನಿಗಳು ಸಾಬೀತುಪಡಿಸಿದ್ದಾರೆ.” ಯಾವ ವಿಜ್ಞಾನಿಗಳು? ಎಷ್ಟು ಲೋಟ? ಬೆಣ್ಣೆ, ಚೀಸ್ ಧಾರಾಳವಾಗಿ ತಿಂದರೂ ಫ್ರೆಂಚರಲ್ಲಿ ಹೃದ್ರೋಗದ ಸಾವು ಕಡಿಮೆ, ಅದಕ್ಕೆ ವೈನ್ ಕಾರಣವಿರಬಹುದು ಎಂದು ಫ್ರೆಂಚ್ ವಿಜ್ಞಾನಿ ಸೆರ್ಜ್ ರೆನೋ 1992ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅವರ ‘ಇರಬಹುದು’ ನಿಮ್ಮ ಕೈಯಲ್ಲಿ ಸಾಬೀತಾಗಿಬಿಟ್ಟಿತು. ಅಂಥ ಎಷ್ಟೋ ಅಧ್ಯಯನಗಳಲ್ಲಿ ಕುಡಿಯದವರ ಸಾಲಿನಲ್ಲಿ ಯಾರಿದ್ದರು ಗೊತ್ತೇ? ಕಾಯಿಲೆ ಬಿದ್ದು, ವೈದ್ಯರಿಂದ ಬೈಸಿಕೊಂಡ ಮೇಲೆ ಬಿಟ್ಟವರೂ ಇದ್ದರು. ಅವರ ಪಕ್ಕದಲ್ಲಿ ನಿಂತರೆ ಒಂದು ಲೋಟದವನು ಗಟ್ಟಿಮುಟ್ಟಾಗಿಯೇ ಕಾಣುತ್ತಾನೆ.

ಮುಂದಿನ ಸಾಲು: “ರೆಸ್ವೆರಟ್ರಾಲ್ ಆಯುಸ್ಸು ಹೆಚ್ಚಿಸುತ್ತದೆ.” ಯಾರದು? 2006ರ ಪ್ರಯೋಗದಲ್ಲಿ ಹೆಚ್ಚಿದ್ದು ಕೊಬ್ಬಿನ ಆಹಾರ ತಿನ್ನಿಸಿದ ಇಲಿಗಳ ಆಯುಸ್ಸು. ದ್ರಾಕ್ಷಿ ಸಿಪ್ಪೆಯ ಈ ಅಂಶ ಒಂದು ಲೀಟರ್ ವೈನಿನಲ್ಲಿ ಕೆಲವೇ ಮಿಲಿಗ್ರಾಂ. ಇಲಿಗೆ ಕೊಟ್ಟಷ್ಟು ಬೇಕೆಂದರೆ ನೀವು ದಿನಕ್ಕೆ ನೂರಾರು ಬಾಟಲಿ ಖಾಲಿ ಮಾಡಬೇಕು. ಪಿತ್ತಜನಕಾಂಗ ಅದಕ್ಕೂ ಮೊದಲೇ ಕೈ ಎತ್ತುತ್ತದೆ. 150 ಮಿಲಿಲೀಟರ್ ವೈನಿನಲ್ಲಿ ಸುಮಾರು 14 ಗ್ರಾಂ ಮದ್ಯಸಾರವಿರುತ್ತದೆ. ಅದು ಕ್ಯಾನ್ಸರ್‌ಕಾರಕ, ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ.

ನಾನು ಸೊಲ್ಲಾಪುರದಲ್ಲಿ ಪತ್ರಿಕೆ ಸೇರಿದಾಗ ನಮ್ಮ ಹಿರಿಯ ಸಂಪಾದಕರು ಮೊದಲು ಓದುತ್ತಿದ್ದುದು ಮಾರುಕಟ್ಟೆ ಸುದ್ದಿ. “ಈರುಳ್ಳಿ ಆವಕ ಹೆಚ್ಚಿದೆ” ಎಂದಿದ್ದರೆ ಅಂಚಿನಲ್ಲಿ “ಎಷ್ಟು ಲಾರಿ?” ಎಂದು ಗೀಚುತ್ತಿದ್ದರು. ದಲಾಲರು ಹೇಳಿದರು ಎಂದರೆ “ಯಾವ ದಲಾಲ?” ಉತ್ತರವಿಲ್ಲದಿದ್ದರೆ ಹಾಳೆ ಕೈಗಿತ್ತು ಮತ್ತೆ ಮಾರುಕಟ್ಟೆಗೇ ಅಟ್ಟುತ್ತಿದ್ದರು. ಹಲ್ಲು ಕಡಿಯುತ್ತಲೇ ಹೋಗುತ್ತಿದ್ದೆವು. ಈಗ “ತಜ್ಞರ ಪ್ರಕಾರ” ಎಂದು ಕಂಡರೆ ನನ್ನ ಕೈ ತಾನಾಗಿ ಕೆಂಪು ಪೆನ್ನಿಗೆ ಹೋಗುತ್ತದೆ.

ನಿಜವಾಗಿ ಸಿಟ್ಟು ತರಿಸಿದ್ದು ಇದು: “ನಮ್ಮ ತೋಟದಲ್ಲೇ ಈ ಸಂಜೀವಿನಿ ಇದೆ.” ನಿಮ್ಮದು ಒಣದ್ರಾಕ್ಷಿಗೆ ಬೆಳೆದ ಹಸಿರು ಥಾಮ್ಸನ್ ತಳಿ ಎಂದು ಮೊದಲ ಪುಟದಲ್ಲಿ ನೀವೇ ಬರೆದಿದ್ದೀರಿ. ಕೆಂಪು ವೈನ್ ಮಾಡುವುದು ಕಪ್ಪು ದ್ರಾಕ್ಷಿಯನ್ನು ಸಿಪ್ಪೆಸಮೇತ ಹುದುಗಿಸಿ. ಬಣ್ಣ ಬರುವುದೇ ಸಿಪ್ಪೆಯಿಂದ. ಬೆಳೆಗಾರನ ಮಗ ಬರೆಯುವ ಮಾತೇ ಇದು?

ಬೆಳೆಗಾರನಿಗೆ ವೈನಿನಿಂದ ನಾಲ್ಕು ಕಾಸು ಬರಲಿ ಎಂಬ ಆಸೆ ನನಗೂ ಇದೆ. 2022ರ ಜನವರಿಯಲ್ಲಿ ಸೂಪರ್‌ಮಾರ್ಕೆಟ್‌ಗಳಲ್ಲಿ ವೈನ್ ಮಾರಲು ಮಹಾರಾಷ್ಟ್ರ ಸಂಪುಟ ಒಪ್ಪಿದಾಗ ರೈತರ ಹೆಸರನ್ನೇ ಹೇಳಿತ್ತು. ನೀವೂ ನೇರವಾಗಿ ಅದನ್ನೇ ಬರೆಯಿರಿ. ನಡುವೆ ಹೃದಯವನ್ನು ಎಳೆದು ತರಬೇಡಿ. ತಿದ್ದಿ ಕಳಿಸಿ, ಓದುತ್ತೇನೆ. ‘ಕೆಂಪು ಅಮೃತ’ ಎಂಬ ಶೀರ್ಷಿಕೆ ಮಾತ್ರ ಬೇಡ.

— ಸಂಪಾದಕ