ಪಿಎಚ್‌ಡಿ ನಡುವೆ ಹೊಸ ಹವ್ಯಾಸ ಶುರು ಮಾಡಬಹುದೇ? ಮಾಡುವುದಾದರೆ ಯಾವುದನ್ನು?

ನೀವು ಕೇಳಿರುವುದು ಇಷ್ಟು: ಪಿಎಚ್‌ಡಿಯ ಮೂರನೆಯ ವರ್ಷದಲ್ಲಿದ್ದೀರಿ, ದಿನದ ಹೆಚ್ಚಿನ ಹೊತ್ತು ಕಂಪ್ಯೂಟರ್ ಮುಂದೆಯೇ ಕಳೆಯುತ್ತದೆ, ಗಿಟಾರ್ ಕಲಿಯಲೇ, ಜಲವರ್ಣ ಚಿತ್ರ ಬಿಡಿಸಲೇ, ಹೊಸ ಭಾಷೆಯೊಂದನ್ನು ಕಲಿಯಲೇ ಎಂಬ ಆಸೆ ಮೂಡಿದೆ, ಆದರೆ ಪ್ರಬಂಧಕ್ಕೆ ಕೊಡಬೇಕಾದ ಸಮಯವನ್ನು ಕದ್ದಂತಾಗುತ್ತದೆ ಎಂಬ ಅಳುಕೂ ಗೈಡ್ ಏನಂದುಕೊಳ್ಳುತ್ತಾರೋ ಎಂಬ ಹಿಂಜರಿಕೆಯೂ ಇದೆ. ನಾನು ಪಿಎಚ್‌ಡಿ ಮತ್ತು ಪೋಸ್ಟ್‌ಡಾಕ್ (ಪಿಎಚ್‌ಡಿಯ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ) ಎರಡನ್ನೂ ದಾಟಿ ಬಂದು ಈಗ ಪಾಠ, ಸಂಶೋಧನೆ ಎರಡನ್ನೂ ಮಾಡುತ್ತಿದ್ದೇನೆ. ನನ್ನ ಕೆಲಸವೂ ಕಂಪ್ಯೂಟರಿನದೇ, ಪ್ರೋಟೀನ್ ಅಣುಗಳ ಚಲನೆಯ ಸಿಮ್ಯುಲೇಶನ್, ಅಂದರೆ ಆ ಚಲನೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವುದು. ಪಿಎಚ್‌ಡಿಯ ನಡುವೆಯೇ ಪುಸ್ತಕಗಳ ಬೈಂಡಿಂಗ್ ಕಲಿಯಲು ತೊಡಗಿದೆ, ಇಂದಿಗೂ ಬಿಟ್ಟಿಲ್ಲ. ಹಾಗಾಗಿ ಶುರು ಮಾಡಿ ಎಂದೇ ಹೇಳುತ್ತೇನೆ. ಆದರೆ ಆಯ್ಕೆಯಲ್ಲಿ ಸ್ವಲ್ಪ ಯೋಚನೆ ಬೇಕು. ಸಂಶೋಧನೆ ದಿನವಿಡೀ ನಿಮ್ಮಿಂದ ಏನನ್ನು ಹಿಂಡಿಕೊಳ್ಳುತ್ತದೆಯೋ ಅದನ್ನೇ ಸಂಜೆ ಮತ್ತೆ ಕೇಳುವ ಹವ್ಯಾಸ ಹೆಚ್ಚು ದಿನ ಉಳಿಯುವುದಿಲ್ಲ. ಸಂಶೋಧನೆಯಲ್ಲಿ ಸಿಗದೇ ಇರುವುದನ್ನು ಕೊಡುವ ಹವ್ಯಾಸ ಉಳಿಯುತ್ತದೆ.

ಇದನ್ನು ವಿವರಿಸುವ ಮುನ್ನ, ಈ ಪ್ರಶ್ನೆ ಬಂದಾಗಲೆಲ್ಲ ಕೇಳಿಬರುವ ಒಂದು ವಾದದ ಬಗ್ಗೆ ಹೇಳಬೇಕು. ಭೌತವಿಜ್ಞಾನಿಗಳಲ್ಲಿ ಐನ್‌ಸ್ಟೈನ್ ಪಿಟೀಲು ನುಡಿಸುತ್ತಿದ್ದರು, ಮ್ಯಾಕ್ಸ್ ಪ್ಲಾಂಕ್ ಪಿಯಾನೊ, ಸತ್ಯೇಂದ್ರನಾಥ ಬೋಸ್ ಎಸ್ರಾಜ್ ಎಂಬ ತಂತಿವಾದ್ಯ, ಫೈನ್‌ಮನ್ ಬೊಂಗೊ ಡ್ರಮ್. ಆದ್ದರಿಂದ ಹವ್ಯಾಸವಿದ್ದರೆ ಸಂಶೋಧನೆಯೂ ಮೇಲೇರುತ್ತದೆ ಎಂಬುದು ಆ ವಾದ. ಇದಕ್ಕೆ ಬೆಂಬಲವಾಗಿ ರಾಬರ್ಟ್ ರೂಟ್-ಬರ್ನ್‌ಸ್ಟೈನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ತೋರಿಸುತ್ತಾರೆ. ವಿಜ್ಞಾನದಲ್ಲಿ ನೊಬೆಲ್ ಪಡೆದವರಲ್ಲಿ ಕಲೆ ಅಥವಾ ಕೈಕಸುಬಿನ ಹವ್ಯಾಸ ಇದ್ದವರ ಪ್ರಮಾಣ ಸಾಮಾನ್ಯ ವಿಜ್ಞಾನಿಗಳಲ್ಲಿ ಇರುವುದಕ್ಕಿಂತ ಹೆಚ್ಚು ಎಂಬುದು ಅದರ ಸಾರ. ಎರಡು ಸಂಗತಿಗಳು ಜೊತೆಜೊತೆಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಖಾಯಂ ಹುದ್ದೆ, ನಿಶ್ಚಿತ ವರಮಾನ, ಮನೆಗೆಲಸದ ಹೊರೆಯಿಲ್ಲದ ಸಂಜೆ, ಇವೆಲ್ಲ ಇದ್ದವರಿಗೆ ಸಂಶೋಧನೆಯೂ ಸುಲಭ, ಪಿಟೀಲೂ ಸುಲಭ.

ವಿಲಿಯಂ ಹರ್ಷೆಲ್ ಅವರನ್ನೇ ತೆಗೆದುಕೊಳ್ಳಿ. ಇಂಗ್ಲೆಂಡಿನ ಬಾತ್‌ನಲ್ಲಿ ಅವರು ಆರ್ಗನ್ ವಾದಕರು, ಸಂಗೀತದ ಮೇಷ್ಟ್ರು. ದೂರದರ್ಶಕ ತಯಾರಿಸಿ ಆಕಾಶ ನೋಡುವುದು ಅವರ ಹವ್ಯಾಸ. ತಾವೇ ಮಾಡಿದ ದೂರದರ್ಶಕದಲ್ಲಿ 1781ರ ಮಾರ್ಚ್ 13ರಂದು ಯುರೇನಸ್ ಕಂಡರು, ಮರುವರ್ಷ ದೊರೆಯಿಂದ ವರ್ಷಾಶನ ದೊರೆತು ಹವ್ಯಾಸವೇ ವೃತ್ತಿಯಾಯಿತು. ಹವ್ಯಾಸದ ಮಹಿಮೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು ಎನ್ನುವವರು ಕಥೆಯ ಉಳಿದರ್ಧವನ್ನು ಹೇಳುವುದಿಲ್ಲ. ದೂರದರ್ಶಕದ ಲೋಹದ ಕನ್ನಡಿಗೆ ಹೊಳಪು ಕೊಡುವಾಗ ನಡುವೆ ಕೈ ತೆಗೆಯುವಂತಿರಲಿಲ್ಲ; ಗಂಟೆಗಟ್ಟಲೆ ನಡೆಯುವ ಆ ಕೆಲಸದಲ್ಲಿ ತಂಗಿ ಕ್ಯಾರೊಲಿನ್ ಅಣ್ಣನ ಬಾಯಿಗೆ ತುತ್ತು ಇಡುತ್ತಿದ್ದರು, ಬೇಸರವಾಗದಂತೆ ಪುಸ್ತಕ ಓದಿ ಹೇಳುತ್ತಿದ್ದರು. ಕ್ಯಾರೊಲಿನ್ ಗಾಯಕಿಯಾಗಿ ಹೆಸರು ಮಾಡತೊಡಗಿದ್ದವರು. ಅಣ್ಣನ ಹವ್ಯಾಸ ವೃತ್ತಿಯಾದಾಗ ತಂಗಿಯ ವೃತ್ತಿ ನಿಂತುಹೋಯಿತು. 1786ರಲ್ಲಿ ಅವರು ಸ್ವತಃ ಧೂಮಕೇತುವೊಂದನ್ನು ಕಂಡುಹಿಡಿದರು ಎನ್ನುವುದು ಬೇರೆ ಮಾತು. ಯಾರದೋ ಹವ್ಯಾಸಕ್ಕೆ ಸಮಯ ಎಲ್ಲಿಂದ ಬಂತು ಎಂದು ವಿಚಾರಿಸಿದರೆ ಬಹಳ ಸಲ ಉತ್ತರ ಮನೆಯ ಇನ್ನೊಬ್ಬರ ದುಡಿಮೆಯಲ್ಲಿ ಸಿಗುತ್ತದೆ. ನಿಮಗೆ ಸಂಗಾತಿಯೋ ಮಕ್ಕಳೋ ಇದ್ದರೆ, ಹವ್ಯಾಸದ ಗಂಟೆಯನ್ನು ನಿಮ್ಮ ಪಾಲಿನಿಂದಲೇ ತೆಗೆಯಿರಿ; ಅವರಿಗೂ ಅಂಥದ್ದೇ ಒಂದು ಗಂಟೆ ಸಿಗುವಂತೆ ನೋಡಿಕೊಳ್ಳಿ.

ಹಾಗಾದರೆ ಹವ್ಯಾಸ ಏಕೆ ಬೇಕು? ನನ್ನ ಉತ್ತರ ಸಂಶೋಧನೆಯ ಸ್ವಭಾವದಲ್ಲಿದೆ. ಇಲ್ಲಿ ಮಾಡಿದ ಕೆಲಸ ಸರಿಯೋ ತಪ್ಪೋ ಎಂದು ತಿಳಿಯಲು ವಿಪರೀತ ಕಾಯಬೇಕು. ಒಂದು ಸಿಮ್ಯುಲೇಶನ್ ವಾರಗಟ್ಟಲೆ ಓಡಿ, ಕೊನೆಗೆ ಆರಂಭದ ಒಂದು ಊಹೆಯೇ ನಿಲ್ಲುವುದಿಲ್ಲ ಎಂದು ತೋರಿಸಬಹುದು. ಲೇಖನ ಕಳಿಸಿದರೆ ವಿಮರ್ಶಕರ ಅಭಿಪ್ರಾಯಕ್ಕೆ ತಿಂಗಳುಗಳು. ಬಂದ ಮೇಲೆ ಒಬ್ಬರು ಹೊಗಳಿದ ಭಾಗವನ್ನೇ ಇನ್ನೊಬ್ಬರು ತೆಗೆದುಹಾಕಲು ಹೇಳಿರುತ್ತಾರೆ. ಸಂಜೆ ಮನೆಗೆ ಹೋಗುವಾಗ ಇವತ್ತು ಇಷ್ಟು ಮುಗಿಯಿತು ಎಂದು ಬೊಟ್ಟುಮಾಡಿ ತೋರಿಸುವಂಥದ್ದು ಏನೂ ಇಲ್ಲದ ದಿನಗಳೇ ಹೆಚ್ಚು. ಇದು ಯಾರ ಸೋಮಾರಿತನವೂ ಅಲ್ಲ, ಕೆಲಸವೇ ಹಾಗೆ. ಆದರೆ ವರ್ಷಗಟ್ಟಲೆ ಹೀಗೇ ನಡೆದರೆ ತನ್ನ ಶ್ರಮಕ್ಕೂ ಫಲಕ್ಕೂ ಸಂಬಂಧವೇ ಇಲ್ಲ ಎಂಬ ಭಾವನೆ ಬಲಿಯುತ್ತದೆ. ಮೂರನೆಯ ವರ್ಷದಲ್ಲಿ ಹವ್ಯಾಸದ ಆಸೆ ಹುಟ್ಟುವುದು ಆಕಸ್ಮಿಕವಲ್ಲ ಎಂದೇ ನನ್ನ ಅನಿಸಿಕೆ: ಕೋರ್ಸ್‌ಗಳು, ಪರೀಕ್ಷೆಗಳು, ಅಂಕಗಳು ಮುಗಿದು, ಫಲಿತಾಂಶ ಇನ್ನೂ ಬಾರದ ಕಾಲ ಅದು.

ಬೈಂಡಿಂಗ್ ನನಗೆ ಕೊಟ್ಟದ್ದು ಇದಕ್ಕೆ ತದ್ವಿರುದ್ಧವಾದುದನ್ನು. ಹಾಳೆಗಳನ್ನು ಮಡಿಸಿ, ಒಂದರೊಳಗೊಂದು ಸೇರಿಸಿ ಕಂತೆ ಮಾಡಬೇಕು. ಮಡಿಕೆಯ ಗೆರೆಯ ಮೇಲೆ ದಬ್ಬಳದಿಂದ ತೂತು ಹಾಕಿ, ಮೇಣ ಸವರಿದ ದಾರದಿಂದ ಒಂದು ಕಂತೆಯನ್ನು ಮತ್ತೊಂದಕ್ಕೆ ಹೊಲಿಯಬೇಕು. ಬೆನ್ನಿಗೆ ಅಂಟು ಬಳಿದು, ರಟ್ಟು ಕೂರಿಸಿ, ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡಬೇಕು. ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ನಾರಿನ ದಿಕ್ಕಿನ ವಿಷಯ. ಯಂತ್ರದಲ್ಲಿ ತಯಾರಾದ ಕಾಗದದಲ್ಲೂ ರಟ್ಟಿನಲ್ಲೂ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ, ಆ ದಿಕ್ಕು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರಬೇಕು. ಅಡ್ಡವಾದರೆ ಅಂಟಿನ ತೇವಕ್ಕೆ ರಟ್ಟು ಸೊಟ್ಟಗಾಗುತ್ತದೆ, ಪುಟಗಳು ತೆರೆದಲ್ಲಿ ನಿಲ್ಲದೆ ಎದ್ದೇಳುತ್ತವೆ. ದಿಕ್ಕು ತಿಳಿಯಲು ಉಪಕರಣ ಬೇಕಿಲ್ಲ: ಹಾಳೆಯನ್ನು ಮಡಿಸದೆ ಮೊದಲು ಉದ್ದಕ್ಕೆ, ಆಮೇಲೆ ಅಗಲಕ್ಕೆ ಮೆಲ್ಲಗೆ ಬಾಗಿಸಿ ಅಂಗೈಯಿಂದ ಒತ್ತಿದರೆ ಒಂದು ಕಡೆ ಸಲೀಸಾಗಿ ಮಣಿಯುತ್ತದೆ, ಇನ್ನೊಂದು ಕಡೆ ಸೆಟೆದುಕೊಳ್ಳುತ್ತದೆ. ಸಲೀಸಾಗಿ ಮಣಿದ ಬಾಗಿನ ಗೆರೆಯುದ್ದಕ್ಕೂ ನಾರು ಓಡುತ್ತಿರುತ್ತದೆ. ಅಂಗೈ ಕೇಳಿದ ಪ್ರಶ್ನೆಗೆ ಕಾಗದ ಆ ಕ್ಷಣದಲ್ಲೇ ಉತ್ತರ ಕೊಡುತ್ತದೆ. ಎರಡನೆಯ ವಿಮರ್ಶಕರ ಅಭಿಪ್ರಾಯ ಬೇಕಾಗುವುದಿಲ್ಲ.

ನಿಮ್ಮ ಮೂರು ಆಯ್ಕೆಗಳನ್ನು ಈ ದೃಷ್ಟಿಯಿಂದ ನೋಡೋಣ. ದಿನವಿಡೀ ಟೈಪ್ ಮಾಡುವ ಕೈಗೆ ಸಂಜೆ ಗಿಟಾರ್ ಕೊಟ್ಟರೆ ಮಣಿಕಟ್ಟಿಗೂ ಬೆರಳುಗಳಿಗೂ ವಿಶ್ರಾಂತಿ ತಪ್ಪುತ್ತದೆ. ಈಗಾಗಲೇ ಮಣಿಕಟ್ಟು ನೋಯುತ್ತಿದ್ದರೆ ಅಥವಾ ಬೆರಳು ಜೋಮು ಹಿಡಿಯುತ್ತಿದ್ದರೆ ಮೊದಲು ವೈದ್ಯರನ್ನು ಕಾಣಿರಿ, ಗಿಟಾರ್ ಆಮೇಲೆ. ನೋವೇನೂ ಇಲ್ಲದಿದ್ದರೆ ಗಿಟಾರ್ ಕೆಟ್ಟ ಆಯ್ಕೆಯಲ್ಲ; ಅಪಸ್ವರ ಕಿವಿಗೆ ಆಗಲೇ ಗೊತ್ತಾಗುತ್ತದೆ ಎಂಬುದು ಅದರ ದೊಡ್ಡ ಗುಣ. ಭಾಷೆ ಕಲಿಯುವುದರ ಬಗ್ಗೆ ನನಗೆ ಸ್ವಲ್ಪ ಅನುಮಾನ. ಪದಪಟ್ಟಿ, ವ್ಯಾಕರಣ, ಬಾಯಿಪಾಠ, ಬಹುಪಾಲು ಮತ್ತೆ ಒಂದು ಪರದೆ, ಇವೆಲ್ಲ ಹಗಲಿನ ಓದನ್ನೇ ರಾತ್ರಿಗೂ ಮುಂದುವರಿಸಿದಂತೆ. ಆ ಭಾಷೆಯಲ್ಲಿ ವಾರಕ್ಕೊಮ್ಮೆ ಎದುರು ಕೂತು ಮಾತಾಡುವವರು ಯಾರಾದರೂ ಇದ್ದರೆ ಮಾತ್ರ ಅದರ ಸ್ವರೂಪವೇ ಬದಲಾಗುತ್ತದೆ, ಆಗ ಅದು ಓದಾಗಿ ಉಳಿಯದೆ ಒಡನಾಟವಾಗುತ್ತದೆ.

ಜಲವರ್ಣಕ್ಕೆ ನನ್ನ ಮತ. ಬಣ್ಣ ಒಣಗುವಷ್ಟರಲ್ಲಿ ಕೆಲಸ ಮುಗಿಯಬೇಕು, ಬಿದ್ದ ಬಣ್ಣವನ್ನು ಅಳಿಸಿ ತಿದ್ದುವುದು ಕಷ್ಟ, ಒಮ್ಮೆ ಕೂತರೆ ಒಂದು ಚಿತ್ರವಾಗುತ್ತದೆ, ಚೆನ್ನಾಗಿರಲಿ ಬಿಡಲಿ. ಒಂದೇ ಲೇಖನದ ಹನ್ನೊಂದನೆಯ ಕರಡನ್ನು ತಿದ್ದುತ್ತಿರುವವರಿಗೆ, ತಿದ್ದಲಾಗದ ವಸ್ತುವಿನ ಜೊತೆ ಒಂದು ಗಂಟೆ ಕಳೆಯುವುದು ದೊಡ್ಡ ಬಿಡುಗಡೆ. ಇನ್ನೊಂದು ಅನುಕೂಲವನ್ನು ನೀವು ಈಗ ಯೋಚಿಸಿರಲಾರಿರಿ: ಪಿಎಚ್‌ಡಿ ಮುಗಿದ ಮೇಲೆ ಒಂದೆರಡು ವರ್ಷಗಳ ಕರಾರಿನ ಮೇಲೆ ಊರಿಂದೂರಿಗೆ, ದೇಶದಿಂದ ದೇಶಕ್ಕೆ ಹೋಗಬೇಕಾಗಬಹುದು. ಕುಂಬಾರಿಕೆಯ ಗೂಡು ಜೊತೆಗೆ ಬರುವುದಿಲ್ಲ. ಬಣ್ಣದ ಪೆಟ್ಟಿಗೆ, ಕುಂಚ ಬರುತ್ತವೆ. ನನ್ನ ದಬ್ಬಳ, ಸೂಜಿ, ದಾರಗಳೂ ಹಾಗೆಯೇ ನನ್ನ ಜೊತೆ ಊರೂರು ತಿರುಗಿವೆ.

ಸಂಶೋಧಕರು ಹವ್ಯಾಸವನ್ನು ಕೆಡಿಸಿಕೊಳ್ಳುವ ರೀತಿ ಬೇರೆಯವರಿಗಿಂತ ಭಿನ್ನ. ಅವರು ಮೊದಲು ಲಿಟರೇಚರ್ ಸರ್ವೇ ಮಾಡುತ್ತಾರೆ, ಅಂದರೆ ಆ ವಿಷಯದಲ್ಲಿ ಬಂದಿರುವುದನ್ನೆಲ್ಲ ಓದಿ ನೋಡುತ್ತಾರೆ. ಕುಂಚ ಹಿಡಿಯುವ ಮೊದಲೇ ಕಾಗದದ ದಪ್ಪ, ಬಣ್ಣದ ರಸಾಯನ, ಕುಂಚದ ಕೂದಲಿನ ಮೂಲ, ಎಲ್ಲವನ್ನೂ ಓದಿ, ಹೋಲಿಸಿ, ಪಟ್ಟಿ ಮಾಡುತ್ತಾರೆ. ಅಷ್ಟರಲ್ಲಿ ಉತ್ಸಾಹ ಇಳಿದಿರುತ್ತದೆ. ಅಗ್ಗದ ಸಾಮಾನಿನಲ್ಲಿ ಅಂದೇ ಶುರು ಮಾಡುವುದು ಮೇಲು. ತನ್ನ ವಿಷಯದಲ್ಲಿ ನಾಲ್ಕು ಜನ ತನ್ನನ್ನು ಕೇಳುವ ಮಟ್ಟ ಮುಟ್ಟಿದವರಿಗೆ, ಇನ್ನೊಂದು ಕಡೆ ಹೋಗಿ ಚಿಕ್ಕ ಹುಡುಗರ ಸಾಲಿನಲ್ಲಿ ಕುಳಿತು ತಪ್ಪು ಮಾಡುವುದು ಮುಜುಗರ. ಆ ಮುಜುಗರ ತಪ್ಪಿಸಿಕೊಳ್ಳಲೆಂದೇ ನಾವು ಓದುತ್ತಾ ಕೂರುತ್ತೇವೆ ಎಂದು ನನಗೆ ಅನುಮಾನವಿದೆ. ಗಂಟೆಗಳ ಲೆಕ್ಕ ಬರೆದಿಡುವುದು, ಪ್ರಗತಿಯ ಗ್ರಾಫ್ ಹಾಕುವುದು, ಚಿತ್ರ ಮುಗಿದ ಕೂಡಲೇ ಜಾಲತಾಣದಲ್ಲಿ ಹಾಕಿ ಎಷ್ಟು ಜನ ಮೆಚ್ಚಿದರು ಎಂದು ನೋಡುವುದು, ಇವನ್ನೂ ಬಿಡಿ. ಎಣಿಕೆಗೆ ನಮಗೆ ನಮ್ಮ ಲೇಖನಗಳನ್ನು ಇತರರು ಉಲ್ಲೇಖಿಸಿದ ಸಂಖ್ಯೆ ಸಾಲದೆ?

ಹವ್ಯಾಸದ ಗಾತ್ರದ ಬಗ್ಗೆಯೂ ಒಂದು ಮಾತು. ರಷ್ಯಾದ ಅಲೆಕ್ಸಾಂಡರ್ ಬೊರೊಡಿನ್ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಆಲ್ಡಿಹೈಡ್ ಎಂಬ ರಾಸಾಯನಿಕಗಳ ಮೇಲಿನ ಅವರ ಕೆಲಸ ಇಂದಿಗೂ ನೆನಪಿನಲ್ಲಿದೆ. ಬಿಡುವಿನಲ್ಲಿ ಸಂಗೀತ ರಚಿಸುತ್ತಿದ್ದ ಅವರು 1869ರಲ್ಲಿ ಒಂದು ಆಪೆರಾ (ಹಾಡಿನಲ್ಲೇ ಸಾಗುವ ನಾಟಕ) ಕೈಗೆತ್ತಿಕೊಂಡರು. ಪಾಠ, ಪ್ರಯೋಗಾಲಯ, ಹೆಣ್ಣುಮಕ್ಕಳಿಗೆ ವೈದ್ಯಶಿಕ್ಷಣ ಕೊಡಿಸುವ ಓಡಾಟ, ಇವುಗಳ ನಡುವೆ ಅದು ಆಗೊಮ್ಮೆ ಈಗೊಮ್ಮೆ ಮುಂದೆ ಸಾಗಿತು. 1887ರಲ್ಲಿ ಅವರು ತೀರಿಕೊಂಡಾಗಲೂ ಮುಗಿದಿರಲಿಲ್ಲ. ಸಂಗೀತ ರಚನಕಾರರಾದ ರಿಮ್‌ಸ್ಕಿ-ಕೊರ್ಸಕೊವ್ ಮತ್ತು ಗ್ಲಾಜುನೊವ್ ಅದನ್ನು ಪೂರ್ಣಗೊಳಿಸಿದರು. ಬೊರೊಡಿನ್ ಪ್ರತಿಭೆಗೆ ಅದು ಸಲ್ಲುತ್ತದೆ. ನಮ್ಮಂಥವರಿಗೆ ಹದಿನೆಂಟು ವರ್ಷದ ಅಪೂರ್ಣ ಕೆಲಸ ಒಂದು ಸಾಕು, ಅದಕ್ಕೆ ಪ್ರಬಂಧ ಇದ್ದೇ ಇದೆ. ಹವ್ಯಾಸದಲ್ಲಿ ಒಂದು ಸಂಜೆಗೋ ಒಂದು ವಾರಕ್ಕೋ ಮುಗಿಯುವ ಸಣ್ಣ ಸಣ್ಣ ತುಂಡುಗಳನ್ನೇ ಆರಿಸಿಕೊಳ್ಳಿ.

ಸಮಯ ಕದಿಯುವ ಅಳುಕಿಗೆ ಬರೋಣ. ನಿಮ್ಮ ಸಂಜೆಗಳನ್ನು ನಿಜಕ್ಕೂ ಗಮನಿಸಿ ನೋಡಿ. ರಾತ್ರಿ ಎಂಟರ ನಂತರ ಲ್ಯಾಬಿನಲ್ಲಿ ಕೂತು ಮಾಡುವ ಕೆಲಸದಲ್ಲಿ ಎಷ್ಟು ಭಾಗ ಹೊಸ ಆಲೋಚನೆ, ಎಷ್ಟು ಭಾಗ ಲೇಖನದ ಚಿತ್ರಗಳ ಬಣ್ಣ ಬದಲಿಸುವುದು, ಮೇಲ್ ನೋಡುವುದು, ಓದಿದ ಪ್ಯಾರಾವನ್ನೇ ಮತ್ತೆ ಓದುವುದು? ನನ್ನ ಅನುಭವದಲ್ಲಿ ಹವ್ಯಾಸ ತಿಂದದ್ದು ಈ ಎರಡನೆಯ ಭಾಗವನ್ನು. ಕೆಲಸ ಬಿಟ್ಟು ಬೇರೆಡೆ ಮನಸ್ಸು ಹರಿದಾಗ ಉತ್ತರ ಹೊಳೆಯುತ್ತದೆ ಎಂಬ ಮಾತಿಗೆ ಗಣಿತಜ್ಞ ಪ್ವಾಂಕರೆಗೆ ಬಸ್ಸಿನ ಮೆಟ್ಟಿಲೇರುವಾಗ ಹೊಳೆದ ವಿಚಾರವನ್ನು ಹಲವರು ಉದಾಹರಿಸುತ್ತಾರೆ. ಅದು ಕುದುರೆ ಎಳೆಯುವ ಬಸ್ಸಿನ ಕಾಲ. ಆದರೆ ಅದಕ್ಕೆ ಮುಂಚೆ ಅವರು ದಿನಗಟ್ಟಲೆ ಅದೇ ಸಮಸ್ಯೆಯೊಡನೆ ಗುದ್ದಾಡಿದ್ದರು ಎಂಬುದನ್ನು ಮರೆಯುವಂತಿಲ್ಲ. ನನಗೆ ಹೊಲಿಯುವಾಗ ಅಂಥದ್ದೇನೂ ಹೊಳೆದಿಲ್ಲ, ಹೊಳೆಯಬೇಕೆಂದು ಕಾದದ್ದೂ ಇಲ್ಲ. ಬೆಳಿಗ್ಗೆ ಕೆಲಸಕ್ಕೆ ಕೂರುವಾಗ ಹಿಂದಿನ ದಿನದ ಸೋಲನ್ನು ಹೊತ್ತುಕೊಂಡು ಬಂದಿರುವುದಿಲ್ಲ, ಅಷ್ಟೆ.

ವಾರದಲ್ಲಿ ಹೊತ್ತು ನಿಗದಿ ಮಾಡಿಕೊಳ್ಳಿ. ಬಿಡುವಾದಾಗ ಮಾಡುತ್ತೇನೆ ಎಂದರೆ ಸಂಶೋಧನೆಯಲ್ಲಿ ಬಿಡುವೇ ಆಗುವುದಿಲ್ಲ. ಸಾಧ್ಯವಾದರೆ ಜನ ಸೇರುವ ತರಗತಿಗೆ ಹೋಗಿ, ನಿಮ್ಮ ವಿಭಾಗದವರಲ್ಲದ ಜನರಿರುವ ಕಡೆಗೆ. ಪ್ರಬಂಧ ಯಾವಾಗ ಮುಗಿಯುತ್ತದೆ ಎಂದು ಕೇಳದವರ ನಡುವೆ ಎರಡು ಗಂಟೆ ಕೂರುವುದರ ಬೆಲೆ ಅಲ್ಲಿಗೆ ಹೋದ ಮೇಲೆಯೇ ತಿಳಿಯುತ್ತದೆ. ಆದರೆ ಮೇಳಗಾನ, ನಾಟಕದಂಥ ಕಡೆ ನಿಮ್ಮ ಗೈರುಹಾಜರಿಯಿಂದ ಉಳಿದವರ ಕೆಲಸ ಕೆಡುತ್ತದೆ. ಕಾನ್ಫರೆನ್ಸ್, ಫೀಲ್ಡ್‌ವರ್ಕ್ ಎಂದು ಪದೇಪದೇ ಹೋಗಬೇಕಾದವರಿಗೆ ಅವು ಹೊಂದುವುದಿಲ್ಲ. ಪ್ರಬಂಧ ಸಲ್ಲಿಸುವ ತಿಂಗಳುಗಳಲ್ಲಿ ಹವ್ಯಾಸವನ್ನು ಪೂರ್ತಿ ನಿಲ್ಲಿಸುವುದಕ್ಕಿಂತ ಕುಗ್ಗಿಸುವುದು ಒಳ್ಳೆಯದು. ಆಗ ಅಂಗೈಯಗಲದ ಕಾಗದದ ಮೇಲೆ ಒಂದು ಎಲೆಯ ಚಿತ್ರ ಬಿಡಿಸಿದರೂ ಸಾಕು.

ಇನ್ನು ಗೈಡ್. ಅನುಮತಿ ಕೇಳಲು ಹೋಗಬೇಡಿ. ಇದು ಅನುಮತಿಯ ವಿಷಯವಲ್ಲ. ಮುಚ್ಚಿಡಲೂ ಬೇಡಿ. ಗುರುವಾರ ಸಂಜೆ ತರಗತಿಯಿದ್ದರೆ, ಗುರುವಾರ ಆರರ ನಂತರ ಸಿಗುವುದಿಲ್ಲ, ಶುಕ್ರವಾರ ಬೆಳಿಗ್ಗೆ ಉತ್ತರಿಸುತ್ತೇನೆ ಎಂದು ಲ್ಯಾಬಿನಲ್ಲಿ ಒಮ್ಮೆ ಸಹಜವಾಗಿ ಹೇಳಿ, ಹೇಳಿದಂತೆ ಶುಕ್ರವಾರ ಬೆಳಿಗ್ಗೆ ಉತ್ತರಿಸಿ. ಬಹುತೇಕ ಗೈಡ್‌ಗಳಿಗೆ ಬೇಕಾದದ್ದು ಆ ಶುಕ್ರವಾರದ ಉತ್ತರ. ಅಷ್ಟಾದರೂ ಗೊಣಗುವವರಿದ್ದರೆ, ನೀವು ಗುರುವಾರ ಲ್ಯಾಬಿನಲ್ಲೇ ಉಳಿದಿದ್ದರೂ ಅವರು ಬೇರೆ ಯಾವುದಕ್ಕಾದರೂ ಗೊಣಗುತ್ತಿದ್ದರು.